ರೈಟರ್ ಆಗಲಿಕ್ಕೆ ಓದಿದೆವೆ? – ‘ಶಿಕ್ಷಣ ಮತ್ತು ಸಾಮಾಜಿಕ ಬದಲಾವಣೆ’ ಎಂಬ ಪಾಠದ ಬಗ್ಗೆ ಕೆಲವು ಮಾತು

1

ಕಾಫಿ ಎಸ್ಟೇಟುಗಳಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಅವನ ಹೆಸರು ಏನಾದರೂ ಇರಲಿ, ಎಲ್ಲರೂ ಕರೆಯುವುದು ‘ರೈಟರ್’ ಎಂದೇ. ಅವನು ಕತೆ ಕವಿತೆ ಬರೆಯುವವನಲ್ಲ, ಚೆಕ್‌ರೋಲು ಬರೆಯುವವನು. ಬೆಳಿಗ್ಗೆ ಯಾರು ಕೆಲಸಕ್ಕೆ ಬಂದರು, ಯಾರು ತಡವಾಗಿ ಬಂದರು, ಯಾರಿಗೆ ಅರ್ಧ ದಿನ, ಯಾರ ಹೆಸರಿನ ಮುಂದೆ ಎಷ್ಟು ಮುಂಗಡ – ಎಲ್ಲವೂ ಅವನ ಪುಸ್ತಕದಲ್ಲಿ. ಮೂಡಿಗೆರೆ, ಕಳಸ, ಚಿಕ್ಕಮಗಳೂರು ಸುತ್ತಿನ ಲೈನ್ ಮನೆಗಳಲ್ಲಿ ಹುಟ್ಟಿದ ನಮ್ಮಂಥವರು ಕಂಡ ಮೊದಲ ಅಕ್ಷರಸ್ಥ ಅವನೇ. ಮೇಷ್ಟ್ರು ಬಂದದ್ದು ಆಮೇಲೆ. ಅಕ್ಷರ ಅಂದರೆ ನಮಗೆ ಮೊದಲು ಗೊತ್ತಾದದ್ದು ಅವ್ವನ ಹೆಸರಿನ ಮುಂದೆ ಇನ್ನೊಬ್ಬ ಎಳೆಯುವ ಗೀಟು.

ಈಗ ನಮ್ಮಲ್ಲಿ ಕೆಲವರು ಎಂ.ಎ. ಮುಗಿಸಿದ್ದೇವೆ. ನಮ್ಮ ವಂಶದಲ್ಲಿ ಡಿಗ್ರಿ ಕಾಗದವನ್ನು ಕೈಯಲ್ಲಿ ಹಿಡಿದವರು ನಾವೇ ಮೊದಲು. ಯೂನಿವರ್ಸಿಟಿಯ ಹಿಂದಿನ ಬೆಂಚಿನಲ್ಲಿ ಕೂತು ‘ಶಿಕ್ಷಣ ಮತ್ತು ಸಾಮಾಜಿಕ ಬದಲಾವಣೆ’ ಎಂಬ ಪೇಪರಿಗೆ ನೋಟ್ಸ್ ಬರೆದುಕೊಂಡೆವು. ಸಮಾಜಶಾಸ್ತ್ರದ ಎಂ.ಎ.ಗೂ ಈ ಪಾಠ ಬರುತ್ತದೆ, ಎಂ.ಎಡ್.ಗೂ ಬರುತ್ತದೆ. ನೋಟ್ಸಿನ ಮೊದಲ ಸಾಲು ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ: ಶಿಕ್ಷಣವು ಸಾಮಾಜಿಕ ಬದಲಾವಣೆಯ ಪ್ರಬಲ ಸಾಧನ. ಸಾಧನ ಅಂದಮೇಲೆ ಅದು ಯಾರದೋ ಕೈಯಲ್ಲಿ ಇರಬೇಕಲ್ಲ? ಯಾರ ಕೈಯಲ್ಲಿ? ಈ ಪ್ರಶ್ನೆಗೆ ಆ ಪೇಪರಿನಲ್ಲಿ ಒಂದು ಮಾರ್ಕೂ ಇಲ್ಲ.

ಮೊದಲೇ ಹೇಳಿಬಿಡುತ್ತೇವೆ, ನಾವು ಓದಿನ ವಿರೋಧಿಗಳಲ್ಲ. ಓದದೆ ಇದ್ದಿದ್ದರೆ ಈ ಸಾಲು ಬರೆಯಲಿಕ್ಕೂ ನಮಗೆ ಆಗುತ್ತಿರಲಿಲ್ಲ. ನಮ್ಮ ತಕರಾರು ಓದಿನ ಮೇಲಲ್ಲ, ಓದನ್ನು ಓದಿಸುವ ರೀತಿಯ ಮೇಲೆ. ಬದಲಾವಣೆಯನ್ನು ಕುರಿತ ಈ ಪಾಠ ಲೈನ್ ಮನೆಯಿಂದ ಹೊರಗೆ ಬಂದ ಒಬ್ಬನನ್ನು ಎಣಿಸುತ್ತದೆ. ಹಿಂದೆ ಉಳಿದ ಲೈನ್ ಮನೆಯನ್ನು ಎಣಿಸುವುದಿಲ್ಲ. ಇದು ಚೆಕ್‌ರೋಲಿನ ಲೆಕ್ಕವೇ ಹೊರತು ಸಮಾಜದ ಲೆಕ್ಕವಲ್ಲ.

2

ಪಾಠದಲ್ಲಿ ಬರುವ ದೊಡ್ಡ ಹೆಸರು ಎಂ.ಎನ್. ಶ್ರೀನಿವಾಸರದು. ಮೈಸೂರು ಸೀಮೆಯವರು, ಲೋಕವೆಲ್ಲ ಓದಿದ ವಿದ್ವಾಂಸರು. ಕೊಡಗರ ಬಗ್ಗೆ 1952ರಲ್ಲಿ ಬಂದ ಪುಸ್ತಕದಲ್ಲಿ ಅವರು ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಕೆಳಗಿನ ಜಾತಿಯವರು ಮೇಲಿನ ಜಾತಿಯ ಆಚಾರ, ಊಟ, ದೇವರು, ಮದುವೆ ಕ್ರಮಗಳನ್ನು ಹಿಡಿದು ಒಂದೆರಡು ತಲೆಮಾರಿನಲ್ಲಿ ಮೇಲಕ್ಕೆ ಹೋಗಲು ನೋಡುತ್ತಾರೆ ಎಂಬುದು ಅದರ ಸಾರ. 1966ರ ‘ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ’ದಲ್ಲಿ ಇದನ್ನೇ ವಿಸ್ತಾರವಾಗಿ ಚರ್ಚಿಸಿದರು. ನಮ್ಮ ಮೇಷ್ಟ್ರುಗಳು ಇದನ್ನು ಹತ್ತು ಮಾರ್ಕಿನ ಪ್ರಶ್ನೆ ಮಾಡಿಕೊಂಡಿದ್ದಾರೆ.

ಆದರೆ ಶ್ರೀನಿವಾಸರನ್ನು ನೋಟ್ಸಿನಲ್ಲಿ ಓದದೆ ಪುಸ್ತಕದಲ್ಲೇ ಓದಿದವರಿಗೆ ಇನ್ನೊಂದು ಮಾತು ಸಿಗುತ್ತದೆ. ಸಂಸ್ಕೃತೀಕರಣದಿಂದ ಆಗುವುದು ಸ್ಥಾನಪಲ್ಲಟ ಮಾತ್ರ, ರಚನೆ ಬದಲಾಗುವುದಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅಸ್ಪೃಶ್ಯರಿಗೆ ಮೈಲಿಗೆಯ ಗೋಡೆ ಅಡ್ಡ ಬರುವುದರಿಂದ ಈ ದಾರಿಯಲ್ಲಿ ಅವರು ಮೇಲೆ ಹೋಗಲಾರರು ಎಂಬುದೂ ಅವರಿಗೆ ಗೊತ್ತಿತ್ತು. ಅಂದರೆ ಒಬ್ಬರು ಮೇಲೆ ಹೋದರೆ ಇನ್ನೊಬ್ಬರು ಕೆಳಗೆ, ಮೆಟ್ಟಿಲು ಹಾಗೇ. ಬದಲಾವಣೆ ಎಂಬ ಪಾಠದ ಹೃದಯದಲ್ಲಿ ಕೂತಿರುವ ಸಿದ್ಧಾಂತ ಬದಲಾವಣೆಯದೇ ಅಲ್ಲ! ಈ ಮಾತಿನಿಂದ ಪಾಠ ಶುರುವಾಗಬೇಕಿತ್ತು. ನಮ್ಮ ಕ್ಲಾಸಿನಲ್ಲಿ ಪಾಠ ಅಲ್ಲಿಗೆ ಬರುವ ಮೊದಲೇ ಬೆಲ್ ಹೊಡೆಯಿತು.

ಇದಾದ ಮೇಲೆ ಬರುವುದು ‘ಸಾಮಾಜಿಕ ಚಲನಶೀಲತೆ’. ಅದಕ್ಕೆ ಎಲ್ಲರೂ ಕೊಡುವ ಉಪಮೆ ಏಣಿ. ನಮ್ಮ ಕಡೆಯವರಿಗೆ ಏಣಿ ಪುಸ್ತಕದ್ದಲ್ಲ. ಫೆಬ್ರವರಿ ಮಾರ್ಚಿನಲ್ಲಿ ಮೆಣಸು ಕುಯ್ಯಲು ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ ಹತ್ತುವವರು ನಮ್ಮಪ್ಪಂದಿರು. ಮೂವತ್ತು ಅಡಿ ಮೇಲೆ ಹೋದವನು ಸಂಜೆಗೆ ಮತ್ತೆ ನೆಲಕ್ಕೆ ಇಳಿಯುತ್ತಾನೆ. ಏಣಿ ಧಣಿಯದು, ಮರ ಧಣಿಯದು, ಮೆಣಸೂ ಧಣಿಯದು. ಹತ್ತಿದ್ದು ಮಾತ್ರ ಇವನು. ಹತ್ತಿದವನನ್ನು ತೋರಿಸಿ ‘ನೋಡಿ, ಚಲನಶೀಲತೆ’ ಅಂದರೆ ಲೈನಿನ ಮುದುಕಿಯರು ನಗುತ್ತಾರೆ.

3

ರಾಂಪುರದ ಸಮಾಜಶಾಸ್ತ್ರವನ್ನು ಹಾಗೇ ಎತ್ತಿ ಕಾಫಿ ಗುಡ್ಡಕ್ಕೆ ತಂದು ಇಡಲಾಗುವುದಿಲ್ಲ ಎಂಬುದು ನಮ್ಮ ಎರಡನೆಯ ತಕರಾರು. ಶ್ರೀನಿವಾಸರು ಕಂಡದ್ದು ಬಯಲುಸೀಮೆಯ ಒಂದು ಹಳ್ಳಿ. ಅಲ್ಲಿ ಊರಿದೆ, ಕೇರಿಯಿದೆ, ತಲೆಮಾರಿನ ಕೊಡು-ಕೊಳ್ಳುವಿಕೆಯಿದೆ. ಎಸ್ಟೇಟು ಊರಲ್ಲ. ಅದು ಬಂಡವಾಳ ಹೂಡಿ, ಗೇಟು ಹಾಕಿ ನಡೆಸುವ ಕಾರ್ಖಾನೆ. ಆದರೆ ಆ ಕಾರ್ಖಾನೆಯ ಒಳಗೆ ಜಾತಿ ಹಾಗೇ ಬದುಕಿದೆ. ಕೂಲಿ ಕೊಡುವ ಸಂಬಂಧವೂ ತಟ್ಟೆ ಲೋಟ ಬೇರೆ ಇಡುವ ಸಂಬಂಧವೂ ಒಂದೇ ಅಂಗಳದಲ್ಲಿ ಇವೆ. ಇದಕ್ಕೆ ನಮ್ಮ ಸಿಲಬಸ್ಸಿನಲ್ಲಿ ಹೆಸರಿಲ್ಲ.

ಬಾಬಾಬುಡನ್‌ಗಿರಿಗೆ ಏಳು ಕಾಫಿ ಬೀಜ ಬಂದ ಕತೆ ನಮ್ಮ ಜಿಲ್ಲೆಯ ಒಂದನೆ ಕ್ಲಾಸಿನ ಮಗುವಿಗೂ ಗೊತ್ತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಎಲೆಗೆ ತುಕ್ಕುರೋಗ ಬಂದರೆ ಯಾವ ತಳಿ ತಡೆದುಕೊಳ್ಳುತ್ತದೆ, ಯಾವ ನೆರಳು ಬೇಕು, ಹೂಮಳೆ ಯಾವಾಗ ಬಿದ್ದರೆ ಕಾಯಿ ಕಟ್ಟುತ್ತದೆ – ಎಲ್ಲ ಅಭ್ಯಾಸ ಮಾಡಿದರು. ಸೆಲೆಕ್ಷನ್ 795 ಎಂಬ ಗಿಡದ ತಾಯಿ ಯಾರು, ತಂದೆ ಯಾರು ಎಂಬುದೂ ದಾಖಲೆಯಲ್ಲಿದೆ. ಒಳ್ಳೆಯದೇ. ಆ ಗಿಡದ ಬುಡದಲ್ಲಿ ಕೂತು ಉದುರು ಹಣ್ಣು ಆರಿಸಿದ ನಮ್ಮಜ್ಜಿ ಯಾವ ಊರಿಂದ ಬಂದಳು, ಯಾವ ಮೇಸ್ತ್ರಿ ಕರಕೊಂಡು ಬಂದ, ಎಷ್ಟು ಮುಂಗಡಕ್ಕೆ ಬಂದಳು ಎಂಬ ದಾಖಲೆ ಎಲ್ಲಿದೆ ಸ್ವಾಮಿ? ಇದ್ದರೆ ಯಾವುದೋ ಹಳೆಯ ಚೆಕ್‌ರೋಲಿನಲ್ಲಿ ಗೆದ್ದಲು ತಿನ್ನುತ್ತಾ ಇರಬೇಕು.

ಇನ್ನು ಕಾನೂನು. ಇದನ್ನು ನಮ್ಮ ಗ್ರಾಮೀಣ ಮೇಷ್ಟ್ರುಗಳು ಗಮನವಿಟ್ಟು ನೋಡಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯ 14ನೆಯ ಕಲಮು ಹೇಳಿದ್ದು ಇಷ್ಟು: ತೋಟದ ಕೂಲಿಕಾರರ 6ರಿಂದ 12 ವಯಸ್ಸಿನ ಮಕ್ಕಳ ಸಂಖ್ಯೆ 25ನ್ನು ಮೀರಿದರೆ ಅವರಿಗೆ ಶಿಕ್ಷಣದ ಸೌಲಭ್ಯ ಒದಗಿಸುವಂತೆ ಮಾಲೀಕರಿಗೆ ರಾಜ್ಯ ಸರ್ಕಾರ ನಿಯಮ ಮಾಡಬಹುದು. ‘ಮಾಡಬೇಕು’ ಅಲ್ಲ, ‘ಮಾಡಬಹುದು’. ಅದೇ ಕಾಯ್ದೆಯ 24ನೆಯ ಕಲಮು 12 ತುಂಬದ ಮಕ್ಕಳನ್ನು ತೋಟದಲ್ಲಿ ದುಡಿಸಬಾರದು ಎಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಶಾಲೆಯ ಹೊಣೆ ಮುಗಿಯುವ ವಯಸ್ಸೂ ದುಡಿಮೆಗೆ ಬಾಗಿಲು ತೆರೆಯುವ ವಯಸ್ಸೂ ಒಂದೇ, ಹನ್ನೆರಡು! ಅದರ ಮೇಲಿನವರಿಗೆ ಡಾಕ್ಟರ ಸರ್ಟಿಫಿಕೇಟು ಇದ್ದರೆ ಸಾಕಾಗಿತ್ತು. ಲೈನಿನ ಮಗುವಿಗೆ ಎಷ್ಟು ಅಕ್ಷರ ಬೇಕು ಎಂದು ಕಾನೂನೇ ಅಳೆದು ಕೊಟ್ಟಿತ್ತು: ಚೀಲದ ಮೇಲಿನ ನಂಬರು ಓದುವಷ್ಟು. ಆಮೇಲೆ 1986ರ ಬಾಲಕಾರ್ಮಿಕ ಕಾಯ್ದೆ ಬಂತು, 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರವರೆಗೆ ಶಾಲೆ ಹಕ್ಕು ಎಂದಿತು. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಕಾರ್ಮಿಕ ಸಂಹಿತೆಯಲ್ಲಿ ಹಳೆಯ ತೋಟ ಕಾಯ್ದೆಯನ್ನೂ ಸೇರಿಸಿ ಹೊಲಿದರು. ಶಿಕ್ಷಣ ಮತ್ತು ಬದಲಾವಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯ ಬೇಕೆ? ನಮಗೆ ಇದನ್ನು ಯಾರೂ ಕಲಿಸಲಿಲ್ಲ.

ಭೂಮಿಯ ಮಾತೂ ಹಾಗೇ. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯಿಂದ ಕರ್ನಾಟಕದ ಎಷ್ಟೋ ಗೇಣಿದಾರರು ಒಡೆಯರಾದರು. ಆದರೆ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಕೊಟ್ಟರು. ಉಳುವವನೇ ಒಡೆಯ ಎಂಬ ಮಾತು ಘಾಟಿಯ ಕೆಳಗೇ ನಿಂತುಬಿಟ್ಟಿತು. ಈಚಿನ ವರ್ಷಗಳಲ್ಲಿ ಒತ್ತುವರಿ ಮಾಡಿ ಕಾಫಿ ಬೆಳೆದ ಸರ್ಕಾರಿ ಜಮೀನನ್ನು ಬೆಳೆಗಾರರಿಗೇ ಗುತ್ತಿಗೆ ಕೊಡುವ ಕಾನೂನೂ ಆಯಿತು – 25 ಎಕರೆವರೆಗೆ, 30 ವರ್ಷ. ಲೈನಿನವನು ಒಂದು ಸೈಟಿಗೆ ಅರ್ಜಿ ಹಾಕಿದರೆ ಅದು ಗೋಮಾಳ, ಇದು ಅರಣ್ಯ ಎನ್ನುತ್ತಾರೆ.

ಇದಕ್ಕೂ ಶಿಕ್ಷಣಕ್ಕೂ ಏನು ಸಂಬಂಧ ಎಂದು ಪೇಟೆಯ ಗೆಳೆಯರು ಕೇಳುತ್ತಾರೆ. ಸಂಬಂಧ ಹೀಗಿದೆ. ಲೈನ್ ಮನೆ ಎಸ್ಟೇಟಿನದು. ಕೆಲಸ ಬಿಟ್ಟರೆ ಮನೆ ಬಿಡಬೇಕು. ಮನೆ ಬಿಟ್ಟರೆ ವಿಳಾಸ ಹೋಯಿತು. ವಿಳಾಸ ಹೋದರೆ ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು ಎಲ್ಲಕ್ಕೂ ತಾಪತ್ರಯ. ಸರ್ಟಿಫಿಕೇಟು ಇಲ್ಲದಿದ್ದರೆ 1944ರಿಂದ ನಡೆದು ಬಂದಿರುವ ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೂ ಇಲ್ಲ. ಮಗ ಕಾಲೇಜಿನಲ್ಲಿ ಉಳಿಯಬೇಕಾದರೆ ಅಪ್ಪ ಅವ್ವ ಲೈನಿನಲ್ಲಿ ಬಾಯಿ ಮುಚ್ಚಿಕೊಂಡು ಉಳಿಯಬೇಕು. ನಮ್ಮ ಡಿಗ್ರಿಗೆ ಅವರು ಕೊಟ್ಟ ಬೆಲೆ ಫೀಜು ಮಾತ್ರವಲ್ಲ, ಆ ಮೌನವೂ ಹೌದು. 2022ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಸಾಲದ ಬಾಕಿಗಾಗಿ ದಲಿತ ಕೂಲಿಕಾರರನ್ನು ಕೂಡಿಹಾಕಿದರೆಂಬ ದೂರು ದಾಖಲಾಗಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ನಡುವೆ ಎಷ್ಟು ವರ್ಷ, ಲೆಕ್ಕ ಹಾಕಿ. ಆ ವರ್ಷಗಳಲ್ಲಿ ಈ ನಾಡಿನ ಯೂನಿವರ್ಸಿಟಿಗಳಲ್ಲಿ ಸಾಮಾಜಿಕ ಬದಲಾವಣೆಯ ಪೇಪರು ಪ್ರತಿ ವರ್ಷ ತಪ್ಪದೆ ನಡೆದಿದೆ.

4

ಎಂ.ಎ. ಕೊನೆಯಲ್ಲಿ ಒಂದು ಕಿರುಪ್ರಬಂಧ ಬರೆಯಬೇಕು. ನಮ್ಮವರಲ್ಲಿ ಕೆಲವರು ‘ತೋಟ ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸ್ಥಿತಿಗತಿ’ ಎಂದು ಆರಿಸಿಕೊಂಡರು. ಪ್ರಶ್ನಾವಳಿ ಹಿಡಿದು ಲೈನಿಗೆ ಹೋದರು. ಒಳಗೆ ಹೋಗಲು ಮ್ಯಾನೇಜರ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕಿದ ಮೇಲೆ ಜೊತೆಗೆ ಬಂದವನು ಯಾರು? ರೈಟರ್. ಅವನ ಎದುರು ನಿಂತು ‘ನಿಮ್ಮ ಮಗು ಶಾಲೆಗೆ ಹೋಗುತ್ತದೆಯೇ? ಹೌದು/ಇಲ್ಲ’ ಎಂದು ಕೇಳಿದರೆ ನಮ್ಮ ಹೆಂಗಸರು ಏನಂತಾರೆ? ‘ಹೋಗ್ತದೆ ಸ್ವಾಮಿ’ ಅಂತಾರೆ. ಡಿಸೆಂಬರಿನಲ್ಲಿ ಅರೇಬಿಕಾ, ಜನವರಿಯಿಂದ ಮಾರ್ಚಿನವರೆಗೆ ರೋಬಸ್ಟಾ. ಆ ಮೂರ್ನಾಲ್ಕು ತಿಂಗಳು ದೊಡ್ಡ ಹುಡುಗಿ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಲೈನು ಕಾಯುತ್ತಾಳೆ. ಇಲ್ಲವೇ ಅವ್ವನ ಜೊತೆ ಗಿಡದ ಬುಡದಲ್ಲಿ ಇರುತ್ತಾಳೆ. ಪರೀಕ್ಷೆ ಬರುವುದೂ ಅದೇ ಮಾರ್ಚಿಗೆ. ಪ್ರಶ್ನಾವಳಿಯಲ್ಲಿ ತಿಂಗಳು ಕೇಳುವ ಕಾಲಮ್ಮೇ ಇರಲಿಲ್ಲ.

ಶೇಕಡಾವಾರು ಕೋಷ್ಟಕ ಬಂತು, ಬೈಂಡಿಂಗ್ ಆಯಿತು, ಫಸ್ಟ್ ಕ್ಲಾಸ್ ಬಂತು. ಆ ಪ್ರಬಂಧದ ಒಂದು ಪ್ರತಿಯೂ ಲೈನಿಗೆ ವಾಪಸು ಹೋಗಲಿಲ್ಲ. ಗೆಳೆಯರೆ, ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಅವತ್ತು ಅಲ್ಲಿ ಇದ್ದ ರೈಟರ್ ಒಬ್ಬನಲ್ಲ, ಇಬ್ಬರು. ಎರಡನೆಯವನು ನಮ್ಮವನೇ.

ಎಲ್ಲ ಸಂಶೋಧನೆಯೂ ಹೀಗೇ ಎಂದು ನಾವು ಹೇಳುವುದಿಲ್ಲ. ಪರಿಶಿಷ್ಟ ಜಾತಿಯ ಹೈಸ್ಕೂಲು, ಕಾಲೇಜು ವಿದ್ಯಾರ್ಥಿಗಳ ಬಗ್ಗೆ ಹಲವು ರಾಜ್ಯಗಳಲ್ಲಿ ನಡೆದ ಅಧ್ಯಯನವನ್ನು ಸುಮಾ ಚಿಟ್ನಿಸ್ 1981ರಲ್ಲಿ ಪುಸ್ತಕ ಮಾಡಿದರು. ಅದರ ಹೆಸರೇ ‘ಇನ್ನೂ ಬಹುದೂರ ಹೋಗಬೇಕು’ ಎಂಬ ಅರ್ಥದ್ದು. ಪಾವ್ಲೊ ಫ್ರೇರೆ ಬ್ರೆಜಿಲಿನಲ್ಲಿ ಕೂಲಿಕಾರರಿಗೆ ಅಕ್ಷರ ಕಲಿಸುವಾಗ ಅವರ ದುಡಿಮೆಯ ಮಾತುಗಳಿಂದಲೇ ಪಾಠ ಶುರುಮಾಡಿದ. ನಮ್ಮಲ್ಲಿ ಫ್ರೇರೆಯೂ ಐದು ಮಾರ್ಕಿನ ಟಿಪ್ಪಣಿಯಾಗಿ ಸತ್ತಿದ್ದಾನೆ. ಮಕ್ಕಳ ತಲೆಯನ್ನು ಬ್ಯಾಂಕಿನ ಖಾತೆ ಮಾಡಬೇಡಿ ಎಂದವನನ್ನೇ ನಾವು ಬಾಯಿಪಾಠ ಮಾಡಿ ಖಾತೆಗೆ ಹಾಕಿದೆವು.

ಇಲ್ಲಿ ಮೂಡಿಗೆರೆಯ ತೇಜಸ್ವಿಯವರ ‘ಕರ್ವಾಲೊ’ ನೆನಪಾಗುತ್ತದೆ. 1980ರ ಆ ಕಾದಂಬರಿಯನ್ನು ಎಲ್ಲರೂ ಹಾರುವ ಓತಿಗಾಗಿ ಓದುತ್ತಾರೆ. ನಮಗೆ ಅದರಲ್ಲಿ ಮುಖ್ಯವಾದದ್ದು ಮಂದಣ್ಣ. ಊರೆಲ್ಲ ಉಡಾಳ ಎಂದು ತಳ್ಳಿದವನನ್ನು ಒಬ್ಬ ವಿಜ್ಞಾನಿ ತನ್ನ ಸಮಕ್ಕೆ ಕೂರಿಸಿಕೊಳ್ಳುತ್ತಾನೆ, ಯಾಕಂದ್ರೆ ಕಾಡು ಮಂದಣ್ಣನಿಗೆ ಗೊತ್ತು, ತನಗೆ ಗೊತ್ತಿಲ್ಲ. ಶಿಕ್ಷಣಶಾಸ್ತ್ರದ ಯಾವ ಪುಸ್ತಕಕ್ಕೂ ಕಡಿಮೆಯಿಲ್ಲದ ಮಾತು ಇದು. ಆದರೆ ಒಂದು ಕೊರತೆಯನ್ನೂ ಹೇಳಬೇಕು. ಅಲ್ಲಿ ಕತೆ ಹೇಳುವವನು ಜಮೀನಿರುವವನು. ಮಂದಣ್ಣನ ತಿಳಿವಳಿಕೆಗೆ ಬೆಲೆ ಬಂದದ್ದು ಕರ್ವಾಲೊ ಬಂದು ಒಪ್ಪಿದ ಮೇಲೆ. ಒಪ್ಪಲಿಕ್ಕೆ ಯಾರೂ ಬಾರದ ಲೈನುಗಳ ತಿಳಿವಳಿಕೆ ಏನಾಗಬೇಕು? ಯಾವ ಇಳಿಜಾರಿನಲ್ಲಿ ಮಣ್ಣು ಜಾರುತ್ತದೆ, ಯಾವ ಗಿಡಕ್ಕೆ ಕೊರಕ ಬಿದ್ದಿದೆ ಎಂದು ಮುಟ್ಟಿ ಹೇಳುವ ಹೆಂಗಸಿನ ಹೆಸರು ಚೆಕ್‌ರೋಲಿನಲ್ಲಿ ‘ಹೆಣ್ಣಾಳು’ ಎಂಬ ತಲೆಬರಹದ ಕೆಳಗೇ ಉಳಿಯುತ್ತದೆ.

5

ಹಾಗಾದರೆ ನಮ್ಮ ಪಾಠ ಎಲ್ಲಿಂದ ಶುರುವಾಗಬೇಕು? 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ ಇಟ್ಟ ವಾದದಿಂದ ಶುರುವಾಗಬೇಕು. ಸರ್ಕಾರದ ಬೊಕ್ಕಸಕ್ಕೆ ದುಡ್ಡು ಬರುವುದು ರೈತ ಕೂಲಿಕಾರರ ಬೆವರಿನಿಂದ, ಅದು ಖರ್ಚಾಗುವುದು ಮೇಲಿನವರ ಓದಿಗೆ ಎಂದು ಅವರು ಲೆಕ್ಕ ಒಪ್ಪಿಸಿದರು. ಮೇಲೆ ಸುರಿದ ವಿದ್ಯೆ ತಾನಾಗಿ ಕೆಳಗೆ ಸೋರುತ್ತದೆ ಎಂಬ ಇಂಗ್ಲಿಷರ ನಂಬಿಕೆಯನ್ನು ಅವತ್ತೇ ಒಡೆದರು. ಚಾರ್ಮಾಡಿ ಘಾಟಿ ಇಳಿದರೆ ಮಂಗಳೂರು. ಅಲ್ಲಿ 1892ರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ಶಾಲೆಗಳಿಗೆ ಪಂಚಮ ಮಕ್ಕಳನ್ನು ಸೇರಿಸುವ ಪ್ರಶ್ನೆ ಬಂದಾಗ ನಮ್ಮ ಜಿಲ್ಲೆಯ ಶೃಂಗೇರಿಯಲ್ಲೇ ವಿರೋಧ ಎದ್ದಿತು. ಒಂದು ಮಗು ಬೆಂಚಿನ ಮೇಲೆ ಕೂರುವುದೇ ಜಗಳವಾಗಿದ್ದ ಚರಿತ್ರೆ ಇದು. ‘ಶಿಕ್ಷಣದಿಂದ ಬದಲಾವಣೆ’ ಎಂದು ಬರೆಯುವವರು ಮೊದಲು ‘ಜಗಳದಿಂದ ಶಿಕ್ಷಣ’ ಎಂದು ಬರೆಯಲಿ. ಇನ್ನು ಅಂಬೇಡ್ಕರ್. ಕೊಲಂಬಿಯಾದಲ್ಲಿ ಎಂ.ಎ. ಮಾಡಿದವರು 1927ರಲ್ಲಿ ಮಹಾಡಿನ ಕೆರೆಗೆ ಇಳಿದರು. ಅದೇ ಅಂಬೇಡ್ಕರ್ 1956ರ ಮಾರ್ಚಿನಲ್ಲಿ ಆಗ್ರಾದಲ್ಲಿ ನಿಂತು, ಓದಿದವರು ತಮ್ಮ ಹೊಟ್ಟೆ ನೋಡಿಕೊಂಡರು ಎಂದು ನೊಂದರು. ಆ ಮಾತು ನಮ್ಮ ಬಗ್ಗೆ ಆಡಿದ್ದು. ನಾವು ಆಗ ಹುಟ್ಟಿರಲಿಲ್ಲ ಎಂಬುದು ನೆಪವಲ್ಲ.

ಕೊನೆಗೆ ನಾವು ಕಣ್ಣಾರೆ ಕಂಡ ಒಂದು ಸಂಗತಿ. ಕೊಯ್ಲಿನ ಕಾಲ, ಒಂದು ತೋಟ, ಸಂಜೆ. ಹಣ್ಣಿನ ಚೀಲಗಳನ್ನು ತೂಗುತ್ತಿದ್ದಾರೆ. ಕಿಲೋ ಲೆಕ್ಕದ ಕೂಲಿ. ಕೂಲಿಕಾರರು ಎಂಟು ಹೆಜ್ಜೆ ದೂರ ಸಾಲಾಗಿ ನಿಲ್ಲಬೇಕು, ತಕ್ಕಡಿಯ ಮುಖ ರೈಟರ್ ಕಡೆಗೆ. ಅವ್ವನ ಜೊತೆ ಬಂದಿದ್ದ ಆರನೆ ಕ್ಲಾಸಿನ ಹುಡುಗಿ ಸುತ್ತಿಕೊಂಡು ಹೋಗಿ ನಂಬರು ನೋಡಿ ಗಟ್ಟಿಯಾಗಿ ಓದಿದಳು: ‘ಅರವತ್ತೊಂದು!’ ರೈಟರ್ ಆಗಲೇ ಐವತ್ತೇಳು ಎಂದು ಬರೆದಾಗಿತ್ತು. ‘ಗೋಣಿ ತೂಕ, ನೀರು, ಕಸ ಕಳೀಬೇಕು, ನಿಂಗೇನು ಗೊತ್ತು’ ಎಂದು ಗದರಿದ. ‘ಗೋಣಿ ನಾಕ್ ಕೇಜಿ ಇರ್ತದಾ?’ ಅಂದಳು ಅವಳು. ಸಾಲು ಸುಮ್ಮನಾಯಿತು. ಅವ್ವ ಮಗಳ ಬೆನ್ನಿಗೊಂದು ಗುದ್ದಿದಳು, ಹೆದರಿಕೆಗೆ. ಮರುದಿನ ಮಾತ್ರ ಆ ಸಾಲಿನ ಇನ್ನೂ ಮೂವರು ಹೆಂಗಸರು ತಮ್ಮ ಮಕ್ಕಳನ್ನು ತಕ್ಕಡಿ ಹತ್ತಿರ ನಿಲ್ಲಿಸಿದರು. ಒಂದು ವಾರ ಕಳೆದ ಮೇಲೆ ತಕ್ಕಡಿಯ ಮುಖ ಸಾಲಿನ ಕಡೆಗೆ ತಿರುಗಿತು. ಕೂಲಿಯ ದರ ಏರಲಿಲ್ಲ. ಲೈನ್ ಮನೆಯ ತಗಡು ಹೊಸದಾಗಲಿಲ್ಲ. ಅಷ್ಟೇ ಆಗಿದ್ದು, ಆದರೆ ಆಯಿತು. ಆ ಹುಡುಗಿ ಏಣಿ ಹತ್ತಿ ಎಲ್ಲಿಗೂ ಹೋಗಲಿಲ್ಲ. ಅವಳು ಕಲಿತದ್ದು ಇಡೀ ಸಾಲಿನದಾಯಿತು. ಶಿಕ್ಷಣ ಮತ್ತು ಸಾಮಾಜಿಕ ಬದಲಾವಣೆ ಎಂದರೆ ನಮಗೆ ಇದು.

ಆದ್ದರಿಂದ ಈ ಪತ್ರಿಕೆ ಓದುವ ಗೆಳೆಯರಲ್ಲಿ ಕೆಲವು ಮಾತು. ಎಂ.ಎ. ಓದುತ್ತಿರುವವರು ನಿಮ್ಮ ಪ್ರಬಂಧವನ್ನು ಬೈಂಡಿಂಗಿಗೆ ಕೊಡುವ ಮೊದಲು ಯಾರ ಬಗ್ಗೆ ಬರೆದಿದ್ದೀರೋ ಅವರ ಅಂಗಳದಲ್ಲಿ ಒಂದು ರಾತ್ರಿ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಪಾಠ ಮಾಡುವವರು ಸಂಸ್ಕೃತೀಕರಣದ ಪಕ್ಕದಲ್ಲಿ ತೋಟ ಕಾಯ್ದೆಯನ್ನೂ ಭೂಸುಧಾರಣೆಯ ವಿನಾಯಿತಿಯನ್ನೂ ಇಡಿ. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನಲ್ಲಿ ಈಗ ಅಸ್ಸಾಮು, ಬಂಗಾಳದಿಂದ ಕೊಯ್ಲಿಗೆ ಬಂದವರ ಮಕ್ಕಳೂ ಕೂತಿರಬಹುದು. ಹಿಂದೆ ತಮಿಳು, ತುಳು ಆಡುತ್ತಾ ಬಂದ ನಮ್ಮಜ್ಜಿಯರ ಜಾಗಕ್ಕೆ ಬಂದವರು ಅವರು. ‘ಅವರಿಗೆ ಕನ್ನಡ ಬರಲ್ಲ’ ಎಂದು ಹಾಜರಿಯಲ್ಲಿ ಗೈರು ಹಾಕಬೇಡಿ. ಗುಣಾಕಾರ, ಭಾಗಾಕಾರವನ್ನು ಮಾವಿನಹಣ್ಣಿನ ಲೆಕ್ಕದಲ್ಲಿ ಹೇಳಿಕೊಡುವ ಬದಲು ಕಾಫಿ ಹಣ್ಣಿನ ಕಿಲೋ ಲೆಕ್ಕದಲ್ಲಿ, ಮುಂಗಡದ ಲೆಕ್ಕದಲ್ಲಿ ಹೇಳಿಕೊಡಿ.

ಮುಂದಿನ ಕೊಯ್ಲಿಗೆ ರಜೆ ಹಾಕಿ ಊರಿಗೆ ಹೋಗುವ ನಮ್ಮ ಗೆಳೆಯರು ಡಿಗ್ರಿಯ ಫೋಟೋ ಗೋಡೆಗೆ ಹಾಕಿ ಮಲಗಬೇಡಿ. ಸಂಜೆ ನಾಲ್ಕಕ್ಕೆ ಎದ್ದು ತಕ್ಕಡಿ ಹತ್ತಿರ ಹೋಗಿ ನಿಲ್ಲಿ. ಚೆಕ್‌ರೋಲು ಕೇಳಿ. ಸಾಲಿನಲ್ಲಿ ನಿಂತವರಿಗೆ ಗಟ್ಟಿಯಾಗಿ ಓದಿ ಹೇಳಿ.